ದಂಡಿಗೂ ಒಂದು ಮುನಿಸಿಪಾಲಿಟಿ ಇತ್ತು

ಬೆಂಗಳೂರಿನ ಸ್ಥಳೀಯ ಆಡಳಿತದ ಕಥೆ ಹೇಳುವವರು ಸಾಮಾನ್ಯವಾಗಿ ಕೆಂಪೇಗೌಡರ ಪೇಟೆಯಿಂದ ಹೊರಟು 1949ರ ಕಾರ್ಪೊರೇಷನ್ನಿಗೆ ಬಂದು ಮುಟ್ಟುತ್ತಾರೆ. ನಡುವೆ ದಂಡಿನ, ಅಂದರೆ ಕಂಟೋನ್ಮೆಂಟಿನ, ಮಾತು ಬಂದರೆ ಪರೇಡ್ ಮೈದಾನ, ಚರ್ಚು, ಬಂಗಲೆ, ಅಷ್ಟಕ್ಕೆ ಮುಗಿಯುತ್ತದೆ. ದಂಡು ಬರೀ ಸಿಪಾಯಿಗಳ ಬಿಡಾರ ಆಗಿರಲಿಲ್ಲ. 1881ರಿಂದ 1949ರವರೆಗೆ, 68 ವರ್ಷ ಕಾಲ, ಅದು ತನ್ನದೇ ಕಂದಾಯ, ಸದಸ್ಯರು, ಮಾರುಕಟ್ಟೆ, ಎಂಜಿನಿಯರು, ಕಾಯ್ದೆ ಇದ್ದ ಬೇರೆ ಊರು. ಅದರ ಅಧಿಕೃತ ಹೆಸರು ಬೆಂಗಳೂರು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. 1901ರ ಜನಗಣತಿ ತೆಗೆದು ನೋಡಿ: ಬೆಂಗಳೂರು ಸಿಟಿಯಲ್ಲಿ 69,447 ಜನ, ಸ್ಟೇಷನ್ನಿನಲ್ಲಿ 89,599. ಪೇಟೆಗಿಂತ ದಂಡೇ ದೊಡ್ಡದು. ಇಷ್ಟು ದೊಡ್ಡ ಊರಿನ ಆಡಳಿತವನ್ನು ಅಡಿಟಿಪ್ಪಣಿ ಮಾಡಿಬಿಟ್ಟರೆ ಬೆಂಗಳೂರಿನ ಅರ್ಧ ಚರಿತ್ರೆ ಕೈಬಿಟ್ಟಂತೆ.

ಹುಟ್ಟಿನ ಕಥೆ ಚಿಕ್ಕದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರ ಪಡೆ ಶ್ರೀರಂಗಪಟ್ಟಣದಲ್ಲಿ ಉಳಿಯಿತು. ಅಲ್ಲಿನ ಜ್ವರ ತಡೆಯಲಾಗದೆ ಪಡೆಯನ್ನು ಬೆಂಗಳೂರಿಗೆ ತಂದರು. ಕೋಟೆ, ಪೇಟೆಗಳಿಂದ ದೂರ, ಹಲಸೂರಿನ ಸುತ್ತಲ ಎತ್ತರದ ಬಯಲಿನಲ್ಲಿ 1809ರ ಹೊತ್ತಿಗೆ ದಂಡು ನೆಲೆಗೊಂಡಿತು. ಪಡೆಯ ಹಿಂದೆಯೇ ಅದಕ್ಕೆ ಬೇಕಾದ ಜನವೂ ಬಂತು: ಗುತ್ತಿಗೆದಾರರು, ದರ್ಜಿಗಳು, ಕಸಾಯಿಗಳು, ಧಾನ್ಯ ವ್ಯಾಪಾರಿಗಳು, ಬಂಗಲೆ ಕೆಲಸದವರು. ಬಹುಪಾಲು ತಮಿಳು, ಉರ್ದು, ತೆಲುಗು ಮಾತಾಡುವವರು. ಜನರಲ್ ಬಜಾರು, ಬ್ಲಾಕ್‌ಪಳ್ಳಿ, ಶೂಲೆ ಹೀಗೆ ಬೆಳೆದ ಮೊಹಲ್ಲಾಗಳು.

1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡು ಇಂಗ್ಲಿಷರು ಕಮಿಷನರರನ್ನು ಕೂರಿಸಿದರು, ಕಚೇರಿಗಳು ಬೆಂಗಳೂರಿಗೆ ಬಂದವು. ಆಗ ಪೇಟೆಗೂ ದಂಡಿಗೂ ಮೇಲಿನ ಯಜಮಾನ ಒಬ್ಬನೇ. ಹಾಗಾಗಿ ಮುನಿಸಿಪಲ್ ಆಡಳಿತದ ಮೊದಲ ಹೆಜ್ಜೆಗಳು ಎರಡೂ ಕಡೆ ಜೊತೆಜೊತೆಯಾಗಿ ಬಿದ್ದವು. 1850ರ ಪಟ್ಟಣ ಸುಧಾರಣಾ ಕಾಯ್ದೆಯಡಿ 1862ರ ಮಾರ್ಚ್ 27ರಂದು ಪೇಟೆಯ ಒಂಬತ್ತು ಮಂದಿ ಪ್ರಮುಖರ ಮಂಡಳಿ ಆಯಿತು, ದಂಡಿಗೂ ಅಂಥದೇ ಇನ್ನೊಂದು ಮಂಡಳಿ ಬಂತು.

ಎರಡನ್ನೂ ನಿಜವಾಗಿ ಬೇರೆ ಮಾಡಿದ್ದು 1881ರ ಮಾರ್ಚ್ 25. ಅಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಸಿಕ್ಕಿತು, ಆದರೆ ದಂಡು ಸಿಗಲಿಲ್ಲ. ಸೇನೆಗಾಗಿ ಎಂದು ಆ ಜಾಗದ ಆಡಳಿತವನ್ನು ಇಂಗ್ಲಿಷರು ತಮ್ಮಲ್ಲೇ ಇಟ್ಟುಕೊಂಡರು. ಸರಕಾರಿ ಕಾಗದಗಳಲ್ಲಿ ಅದಕ್ಕೆ ‘ಅಸೈನ್ಡ್ ಟ್ರ್ಯಾಕ್ಟ್’, ಅಂದರೆ ವಹಿಸಿಕೊಟ್ಟ ಪ್ರದೇಶ, ಎಂಬ ಹೆಸರು. ನೆಲ ಮೈಸೂರಿನದು, ಅಧಿಕಾರ ಭಾರತ ಸರಕಾರದ್ದು. ಈ ಒಂದು ವಾಕ್ಯ ಹಿಡಿದುಕೊಂಡರೆ ಮುಂದಿನದೆಲ್ಲ ಬಿಡಿಸಿಕೊಳ್ಳುತ್ತದೆ.

ಅಧಿಕಾರದ ಏಣಿ ಹೀಗಿತ್ತು. ತುದಿಯಲ್ಲಿ ಮೈಸೂರಿನ ರೆಸಿಡೆಂಟ್, ಅಂದರೆ ಸಂಸ್ಥಾನದಲ್ಲಿ ವೈಸರಾಯರ ಪ್ರತಿನಿಧಿ. ಅವರು ಇರುತ್ತಿದ್ದದ್ದು ಮಾರ್ಕ್ ಕಬ್ಬನ್ ಕಟ್ಟಿಸಿದ ಮನೆಯಲ್ಲಿ, ಇವತ್ತಿನ ರಾಜಭವನ. ಅವರೇ ಕೊಡಗಿನ ಚೀಫ್ ಕಮಿಷನರ್ ಕೂಡ ಆಗಿದ್ದರು. 1940ರಲ್ಲಿ ಆ ಜೋಡಿ ಹುದ್ದೆ ಬೇರೆಯಾಯಿತು. ಸ್ಟೇಷನ್ನಿನ ಮಟ್ಟಿಗೆ ರೆಸಿಡೆಂಟ್ ಸರಕಾರವೂ ಹೌದು, ಹೈಕೋರ್ಟೂ ಹೌದು. ಮೇಲ್ಮನವಿಗಳು ರೆಸಿಡೆಂಟರ ಕೋರ್ಟಿಗೇ ಹೋಗುತ್ತಿದ್ದವು. ಕೆಳಗೆ ಕಲೆಕ್ಟರು, ಜಿಲ್ಲಾ ನ್ಯಾಯಾಧೀಶರು, ಸ್ಟೇಷನ್ನಿನದೇ ಪೊಲೀಸು. ಶಾಸನಸಭೆ ಅನ್ನುವುದೇ ಇಲ್ಲ. ಬ್ರಿಟಿಷ್ ಇಂಡಿಯಾದ ಯಾವ ಕಾಯ್ದೆ ಇಲ್ಲಿಗೆ ಅನ್ವಯ ಅನ್ನುವುದನ್ನು ಭಾರತ ಸರಕಾರ ಅಧಿಸೂಚನೆ ಹೊರಡಿಸಿ ತೀರ್ಮಾನಿಸುತ್ತಿತ್ತು. ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಶುರುವಾಯಿತು, ಆದರೆ ದಂಡಿನ ನಿವಾಸಿಗೆ ಅದರಲ್ಲಿ ಜಾಗವಿಲ್ಲ. ಅವನ ಪಾಲಿಗೆ ಪ್ರಾತಿನಿಧ್ಯ ಅಂತ ಇದ್ದದ್ದು ಮುನಿಸಿಪಾಲಿಟಿ ಒಂದೇ. ಆ ಸಂಸ್ಥೆಯ ಚುನಾವಣೆಗೆ ಜನ ಕೊಟ್ಟ ಮಹತ್ವಕ್ಕೆ ನನ್ನ ಲೆಕ್ಕದಲ್ಲಿ ಇದೇ ಮುಖ್ಯ ಕಾರಣ.

1881ರಲ್ಲಿ ಎರಡೂ ಮಂಡಳಿಗಳಿಗೆ ಕಾನೂನಿನ ಮಾನ್ಯತೆ ಬಂತು. ಮರುವರ್ಷ ಅರ್ಧದಷ್ಟು ಸದಸ್ಯರನ್ನು ಚುನಾಯಿಸಲು ಅನುಮತಿ ಸಿಕ್ಕಿತು, ಆಸ್ತಿ ತೆರಿಗೆಯೂ ಬಂತು. ಮತ ಹಾಕುವ ಹಕ್ಕು ಮತ್ತು ಮನೆ ಕಂದಾಯ ಎರಡೂ ಒಟ್ಟಿಗೆ ಬಂದವು ಅನ್ನುವುದನ್ನು ಗಮನಿಸಬೇಕು. ಸ್ಟೇಷನ್ ಮುನಿಸಿಪಾಲಿಟಿ ಆಮೇಲೆ ನಡೆದದ್ದು 1897ರ ಬೆಂಗಳೂರು ಮುನಿಸಿಪಲ್ ಕಾನೂನಿನಡಿ. ಹೆಸರಲ್ಲಿ ಬೆಂಗಳೂರು ಅಂತಿದ್ದರೂ ಅದು ಪೇಟೆಗೆ ಸಂಬಂಧಪಟ್ಟದ್ದಲ್ಲ, ದಂಡಿನದು. ಸಿಟಿಗೆ ಮೈಸೂರು ಸರಕಾರದ ರೆಗ್ಯುಲೇಷನ್ನುಗಳು. ಹಳೆಯ ತಕರಾರುಗಳನ್ನು ಓದುವಾಗ ಎಡವುವುದು ಮೊದಲು ಇಲ್ಲೇ.

ಎಡವುವ ಜಾಗ ಇನ್ನೂ ಇವೆ. ಅಜ್ಜನ ಕಾಲದ ಕ್ರಯಪತ್ರವೋ ಹಳೆಯ ವರದಿಯೋ ಕೈಗೆ ಸಿಕ್ಕಿದವರಿಗೆ ಉಪಯೋಗಕ್ಕೆ ಬಂದೀತು ಎಂದು ಅವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಆಸ್ತಿಯ ವಿವರ ಇರುವ ಷೆಡ್ಯೂಲ್ ನೋಡಿ. ‘ಬೆಂಗಳೂರು ಸಿಟಿ’ ಅಂತಿದೆಯೋ ‘ಸಿ ಅಂಡ್ ಎಂ ಸ್ಟೇಷನ್’ ಅಂತಿದೆಯೋ? ಬರೀ ‘ಸಿವಿಲ್ ಸ್ಟೇಷನ್’ ಅಂತಿದ್ದರೆ ಕಾಗದ ಬಹುತೇಕ 1947ರ ನಂತರದ್ದು; ಜಾಗ ಹಳೇ ದಂಡಿನದೇ, ಹೆಸರಿನಿಂದ ಮಿಲಿಟರಿ ಬಿದ್ದುಹೋಗಿರುತ್ತದೆ. ಅಕ್ಷರ ಮಾಸಿದ್ದರೆ ಛಾಪಾಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ಮೈಸೂರು ಸರಕಾರಕ್ಕೆ ತನ್ನದೇ ಛಾಪಾಕಾಗದ ಇತ್ತು, ದಂಡಿನಲ್ಲಿ ನಡೆಯುತ್ತಿದ್ದದ್ದು ಬ್ರಿಟಿಷ್ ಇಂಡಿಯಾದ್ದು. ಕ್ರಯದ ಮೊತ್ತ ಎರಡರಲ್ಲೂ ರೂಪಾಯಿ, ಆಣೆ, ಪೈಗಳಲ್ಲೇ ಇರುವುದರಿಂದ ಹಣ ನೋಡಿ ಪತ್ತೆ ಹಚ್ಚಲಾಗದು. ಪತ್ರದ ಮೇಲೆ ಮೈಸೂರು ಅಂಚೆಯ ಮುದ್ರೆ ಇದ್ದರೆ ಅದು 1889ಕ್ಕಿಂತ ಹಿಂದಿನದು; ಆ ವರ್ಷ ಮೈಸೂರಿನ ಅಂಚೆ ಇಲಾಖೆ ಇಂಪೀರಿಯಲ್ ಪೋಸ್ಟ್‌ನಲ್ಲಿ ಸೇರಿಹೋಯಿತು.

ಎರಡನೆಯದು ವರ್ಷದ ಲೆಕ್ಕ. ಮೈಸೂರು ಸರಕಾರದ ಆಡಳಿತ ವರ್ಷ ಜುಲೈಯಿಂದ ಜೂನ್. ಬ್ರಿಟಿಷ್ ಇಂಡಿಯಾದ್ದು ಏಪ್ರಿಲಿನಿಂದ ಮಾರ್ಚ್. ಎರಡೂ ವರದಿಗಳಲ್ಲಿ ‘1920–21’ ಅಂತಲೇ ಬರೆದಿದ್ದರೂ ಅವು ಒಂದೇ ಹನ್ನೆರಡು ತಿಂಗಳಲ್ಲ, ನಡುವೆ ಮೂರು ತಿಂಗಳ ಅಂತರ ಇದೆ. ಬೇಸಿಗೆಯ ನೀರಿನ ಅಭಾವ, ಪ್ಲೇಗಿನ ಸಾವು, ಮಾರುಕಟ್ಟೆಯ ಆದಾಯ ಹೋಲಿಸುವಾಗ ಈ ಮೂರು ತಿಂಗಳು ಇಡೀ ತೀರ್ಮಾನವನ್ನೇ ತಿರುಗಿಸಬಲ್ಲದು. ಏಪ್ರಿಲ್–ಮೇ ತಿಂಗಳ ಬರ ಒಂದು ವರದಿಯಲ್ಲಿ ವರ್ಷದ ಮೊದಲಿಗೆ ಬಂದರೆ ಇನ್ನೊಂದರಲ್ಲಿ ಕೊನೆಗೆ, ಅದೂ ಹಿಂದಿನ ವರ್ಷದ ತಲೆಬರಹದಡಿ ಬರುತ್ತದೆ.

ಮೂರನೆಯದು ಜನಸಂಖ್ಯೆ. ಸೆನ್ಸಸ್ ಕೋಷ್ಟಕಗಳಲ್ಲಿ ಸಿಟಿಗೂ ಸ್ಟೇಷನ್ನಿಗೂ ಬೇರೆ ಬೇರೆ ಸಾಲು. ಒಟ್ಟು ಬೇಕಿದ್ದರೆ ನಾವೇ ಕೂಡಬೇಕು. 1901ಕ್ಕೆ ಕೂಡಿದರೆ 1,59,046. ‘ಬೆಂಗಳೂರು 1901ರಲ್ಲಿ ಎಪ್ಪತ್ತು ಸಾವಿರದ ಊರು’ ಎಂದು ಕೆಲವರು ಬರೆಯುವುದು ಒಂದು ಸಾಲು ಮಾತ್ರ ನೋಡಿದ್ದರಿಂದ. 1941ರ 4,06,760 ಎರಡನ್ನೂ ಕೂಡಿದ ಸಂಖ್ಯೆ. ಆ ಎಪ್ಪತ್ತು ಸಾವಿರವನ್ನು ಇದರ ಪಕ್ಕ ಇಟ್ಟು ಬೆಳವಣಿಗೆ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿದರೆ ಬೆಂಗಳೂರು ನಲವತ್ತು ವರ್ಷದಲ್ಲಿ ಆರು ಪಟ್ಟು ಬೆಳೆದಂತೆ ಕಾಣುತ್ತದೆ. ನಿಜದಲ್ಲಿ ಬೆಳೆದದ್ದು ಎರಡೂವರೆ ಪಟ್ಟು.

ಇನ್ನೊಂದು ‘ಮುನಿಸಿಪಲ್ ಕಮಿಷನರ್’ ಅನ್ನುವ ಪದವಿ. ದಂಡಿನ ಸಂಸ್ಥೆಯ ಹೆಸರೇ ಮುನಿಸಿಪಲ್ ಕಮಿಷನ್, ಆದ್ದರಿಂದ ಅದರ ಸದಸ್ಯರೆಲ್ಲ ಕಮಿಷನರುಗಳೇ. ಆಡಳಿತ ನಡೆಸುವ ಸಂಬಳದ ಅಧಿಕಾರಿಯಾಗಿ ಒಬ್ಬ ಕಮಿಷನರನ್ನು ನೇಮಿಸಿದ್ದು 1926ರಲ್ಲಿ. ಅದಕ್ಕೆ ಮುಂಚಿನ ಶಿಲಾಫಲಕದಲ್ಲೋ ಶಾಲೆಯ ದಾನಿಗಳ ಪಟ್ಟಿಯಲ್ಲೋ ಒಬ್ಬ ಮೊದಲಿಯಾರರನ್ನೋ ಸೇಟರನ್ನೋ ಮುನಿಸಿಪಲ್ ಕಮಿಷನರ್ ಎಂದು ಕರೆದಿದ್ದರೆ ಅವರು ಇವತ್ತಿನ ಅರ್ಥದಲ್ಲಿ ಕೌನ್ಸಿಲರ್.

ಪೇಟೆಗೂ ದಂಡಿಗೂ ನಡುವೆ ಗೋಡೆ ಇರಲಿಲ್ಲ. ಕಬ್ಬನ್ ಪಾರ್ಕು ಇತ್ತು. ಅದರ ಅಂಚಿನಲ್ಲಿ 1906ರಲ್ಲಿ ನಿಲ್ಲಿಸಿದ ವಿಕ್ಟೋರಿಯಾ ರಾಣಿಯ ಪ್ರತಿಮೆ ಗಡಿಯ ಗುರುತಿನ ಹಾಗೆ ಈಗಲೂ ಇದೆ. ಜನ ದಿನಾ ಆಚೀಚೆ ಓಡಾಡುತ್ತಿದ್ದರು. ಆದರೆ ಮೈಸೂರು ಪೊಲೀಸರ ಅಧಿಕಾರ ಆ ಗೆರೆಗೆ ನಿಲ್ಲುತ್ತಿತ್ತು, ಅಬಕಾರಿ ಕಾನೂನು ಬದಲಾಗುತ್ತಿತ್ತು, ಕೋರ್ಟು ಬೇರೆಯಾಗುತ್ತಿತ್ತು. ರೈಲಿಗೂ ಹೀಗೇ. ಜೋಲಾರಪೇಟೆ ಕಡೆಯಿಂದ ಮೊದಲ ರೈಲು 1864ರಲ್ಲಿ ಬಂದು ನಿಂತದ್ದು ದಂಡಿನ ನಿಲ್ದಾಣಕ್ಕೆ, ಪೇಟೆಗಲ್ಲ.

ಕಾಗದದ ಮೇಲೆ ಗೆರೆ ಎಳೆಯುವುದು ಸುಲಭ, ನೀರಿಗೆ ಗೆರೆ ಎಳೆಯಲಾಗದು. ಇಬ್ಭಾಗದ ಆಡಳಿತ ಹೇಗೆ ನಡೆಯಿತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಕಿಟಕಿ ಇಲ್ಲ.

ಬೆಂಗಳೂರಿನ ಬೆನ್ನಿನ ಮೇಲೆ ಸಮುದ್ರಮಟ್ಟದಿಂದ ಸುಮಾರು 900 ಮೀಟರಿಗೂ ಮೇಲೆ ಒಂದು ದಿಬ್ಬದ ಸಾಲು ಹೋಗುತ್ತದೆ. ಅದರ ಇಳಿಜಾರುಗಳಲ್ಲಿ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಿಗೆ ಇಳಿಯುತ್ತದೆ. ದೊಡ್ಡ ನದಿ ಇಲ್ಲ. ಎತ್ತರದಲ್ಲಿ ಕೂತ ದಂಡಿಗೆ ಗಾಳಿ ಚೆನ್ನಾಗಿತ್ತು, ನೀರಿಗೆ ತೊಂದರೆ. ಮೊದಲಿಗೆ ಹಲಸೂರು ಕೆರೆ, ಬಾವಿಗಳು, ಆಮೇಲೆ ಮಿಲ್ಲರ್ ಕೆರೆಗಳು. 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿ ಅದನ್ನು ಮಿಲ್ಲರ್ ಕೆರೆ ಸಾಲಿಗೆ ಜೋಡಿಸಿದರು. ಇದೆಲ್ಲ ಮಳೆ ನಂಬಿದ ಏರ್ಪಾಡು. ಮಳೆ ತಪ್ಪಿದರೆ ಕೆರೆ ಬತ್ತುತ್ತದೆ. ಮಳೆ ಬಂದರೆ ಸುತ್ತಲ ಬಜಾರಿನ ಕೊಳೆಯೂ ಅದೇ ನೀರಿನ ಜೊತೆ ಕೆರೆಗೆ ಇಳಿಯುತ್ತದೆ. ಜನವಸತಿ ಹೆಚ್ಚಿದಷ್ಟೂ ಒಳಗಿನ ಕೆರೆಗಳು ಕುಡಿಯಲು ಬಾರದಂತಾದವು.

ದಾರಿ ಸಿಕ್ಕಿದ್ದು ಮೈಸೂರಿನ ಕಡೆಯಿಂದ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಜಲಾಶಯ ಕಟ್ಟಿ 1894–96ರ ಅವಧಿಯಲ್ಲಿ ಚಾಮರಾಜೇಂದ್ರ ವಾಟರ್ ವರ್ಕ್ಸ್ ತಯಾರಾಯಿತು. ಹೆಸರಘಟ್ಟದಿಂದ ಸೋಲದೇವನಹಳ್ಳಿಗೆ ನೀರು ಇಳಿದು ಬರುತ್ತಿತ್ತು, ಅಲ್ಲಿ ಉಗಿ ಎಂಜಿನುಗಳು ಅದನ್ನು ಮೇಲಕ್ಕೆತ್ತಿ ಊರಿಗೆ ತಳ್ಳುತ್ತಿದ್ದವು. ಈ ನೀರು ಪೇಟೆಗೂ ಬಂತು, ದಂಡಿಗೂ ಬಂತು. ಅಂದರೆ ಭಾರತ ಸರಕಾರ ಆಳುತ್ತಿದ್ದ ಊರಿನ ನಲ್ಲಿ ಮೈಸೂರು ಸರಕಾರದ ಕೊಳವೆಯ ಕೊನೆಯಲ್ಲಿತ್ತು. ನಲ್ಲಿ ನೀರು ತಂದುಕೊಟ್ಟ ದಿವಾನರಿಗೆ ಆ ಊರಿನ ಮೇಲೆ ಅಧಿಕಾರವಿಲ್ಲ. ಅಧಿಕಾರ ಇದ್ದ ರೆಸಿಡೆಂಟರಿಗೆ ಜಲಾಶಯದ ಮೇಲೆ ಹಿಡಿತವಿಲ್ಲ. ಒಂದು ಮುನಿಸಿಪಾಲಿಟಿ ತನ್ನ ಬಡಾವಣೆ ಎಷ್ಟು ಬೆಳೆಯಬಹುದು ಎಂದು ತೀರ್ಮಾನಿಸುವಾಗ ಇನ್ನೊಂದು ಸರಕಾರದ ನೀರಿನ ಲೆಕ್ಕ ನೋಡಬೇಕಾಗಿತ್ತು. 1920ರ ದಶಕದಲ್ಲಿ ಹೆಸರಘಟ್ಟ ಬತ್ತಿದಾಗ ಎರಡೂ ಊರು ಒಟ್ಟಿಗೆ ಬಾಯಾರಿದವು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಬಂದ ಮೇಲೆಯೇ ಉಸಿರಾಡುವ ಹಾಗಾಯಿತು. ಆ ನೀರನ್ನು ಸಾಕಷ್ಟು ಎತ್ತರದ ಹೈಗ್ರೌಂಡ್ಸ್ ಜಲಾಗಾರಕ್ಕೆ ಏರಿಸಿದರೆ ಅಲ್ಲಿಂದ ಇಳಿಜಾರಿನಲ್ಲೇ ಹಂಚಬಹುದು. ನೆಲದ ಎತ್ತರ ಆಡಳಿತದ ಗಡಿಯನ್ನು ಕೇಳುವುದಿಲ್ಲ.

ಪ್ಲೇಗೂ ಕೇಳಲಿಲ್ಲ. 1898ರ ಆಗಸ್ಟಿನಲ್ಲಿ ಅದು ಬೆಂಗಳೂರಿಗೆ ಕಾಲಿಟ್ಟಾಗ ಎರಡೂ ಕಡೆಯ ಇಕ್ಕಟ್ಟಿನ ಓಣಿಗಳಲ್ಲಿ ಹಬ್ಬಿತು. ನಂತರದ ಉತ್ತರ ಮಾತ್ರ ಬೇರೆ ಬೇರೆ. ಸಿಟಿ ಕಡೆ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡವು. ದಂಡಿನ ಕಡೆ ಬ್ಲಾಕ್‌ಪಳ್ಳಿಯಂಥ ಬಜಾರುಗಳ ಒತ್ತಡ ಇಳಿಸಲು ಉತ್ತರ–ಪೂರ್ವಕ್ಕೆ ಹೊಸ ಟೌನುಗಳನ್ನು ಹಾಕಿದರು. ಅವುಗಳಲ್ಲಿ ಹೆಸರಾದದ್ದು ಫ್ರೇಜರ್ ಟೌನ್. 1906ರಲ್ಲಿ ಅಡಿಗಲ್ಲು, 1910ರ ಹೊತ್ತಿಗೆ ವಾಸಕ್ಕೆ ಸಿದ್ಧ. ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಜರ್ ಹೆಸರು ಅದಕ್ಕೆ. ಯೋಜನೆಯ ಹಿಂದಿದ್ದ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್; ಸ್ಟೀಫನ್ಸ್ ರಸ್ತೆ ಈಗಲೂ ಅಲ್ಲೇ ಇದೆ. ಇಲಿ ಸೇರದಂಥ ಮನೆ ಅನ್ನುವುದು ಆ ಬಡಾವಣೆಯ ಮೂಲ ಉದ್ದೇಶ. ಆ ಕಾಲಕ್ಕೆ ಪ್ಲೇಗು ಇಲಿಯ ಚಿಗಟದಿಂದ ಹರಡುತ್ತದೆ ಎಂದು ಗೊತ್ತಾಗಿತ್ತು. ಹಾಗಾಗಿ ಮನೆಗಳ ನಡುವೆ ಗಾಳಿ–ಬೆಳಕಿಗೆ ಜಾಗ, ನೇರ ರಸ್ತೆ, ಮಣ್ಣಿನ ಗೋಡೆ–ನೆಲಕ್ಕೆ ಬದಲು ಇಲಿ ಬಿಲ ತೋಡಲಾಗದ ಕಟ್ಟಡ, ಇವನ್ನೆಲ್ಲ ಮೊದಲೇ ನಿಗದಿ ಮಾಡಿದ್ದು. ಮುನಿಸಿಪಲ್ ಕೆಲಸ ಅಂದರೆ ಇದು. ರೋಗದ ಕಾರಣ ತಿಳಿದುಕೊಂಡು, ಅದನ್ನು ರಸ್ತೆಯ ಅಗಲಕ್ಕೂ ಮನೆಯ ತಳಪಾಯಕ್ಕೂ ಇಳಿಸುವುದು. ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್‌ಗಳ ಹೆಸರುಗಳೂ ಸ್ಟೇಷನ್ನಿನ ಅಧಿಕಾರಿಗಳವೇ.

ಮಾರುಕಟ್ಟೆಯದು ಇನ್ನೊಂದು ಮುಖ. ರಸೆಲ್ ಮಾರ್ಕೆಟ್ 1927ರಲ್ಲಿ ಕಟ್ಟಿದ್ದು, 1933ರಲ್ಲಿ ಇಸ್ಮಾಯಿಲ್ ಸೇಟ್ ಉದ್ಘಾಟಿಸಿದರು, ಹೆಸರು ಮುನಿಸಿಪಲ್ ಕಮಿಷನರ್ ಟಿ. ಬಿ. ರಸೆಲ್ ಅವರದು. ಮಾಂಸ, ಮೀನು, ತರಕಾರಿ, ಹಣ್ಣುಗಳನ್ನು ಬೀದಿಯಿಂದ ಒಂದು ಸೂರಿನಡಿ ತಂದರೆ ಮುನಿಸಿಪಾಲಿಟಿಗೆ ಎರಡು ಲಾಭ: ತಪಾಸಣೆ ಸುಲಭ, ಮಳಿಗೆ ಬಾಡಿಗೆ ಖಾಯಂ. ಸೌತ್ ಪರೇಡಿನ ಕೊನೆಯಲ್ಲಿ 1883ರಲ್ಲಿ ತೆರೆದ ಮೇಯೋ ಹಾಲ್ ಸ್ಟೇಷನ್ನಿನ ಸಾರ್ವಜನಿಕ ಭವನ; ಮುನಿಸಿಪಲ್ ಕಚೇರಿಯೂ ಅಲ್ಲೇ. ಸಿಟಿಗೆ ಆ ಮಟ್ಟದ ಭವನ, ಪುಟ್ಟಣ್ಣ ಚೆಟ್ಟಿ ಪುರಭವನ, ಬಂದದ್ದು 1935ರಲ್ಲಿ.

ದಂಡನ್ನು ಮೈಸೂರಿಗೆ ಹಿಂದಿರುಗಿಸಬೇಕು ಎಂಬ ಬೇಡಿಕೆ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ಬಲವಾಯಿತು. ಸ್ಟೇಷನ್ನಿನ ನಿವಾಸಿಗಳಲ್ಲಿ ಇದಕ್ಕೆ ಒಮ್ಮತ ಇರಲಿಲ್ಲ, ಅದರಲ್ಲಿ ಆಶ್ಚರ್ಯವೂ ಇಲ್ಲ. ನೌಕರಿ, ವ್ಯಾಪಾರ, ಭಾಷೆ, ಕೋರ್ಟು ಎಲ್ಲ ಬೇರೆ ವ್ಯವಸ್ಥೆಗೆ ಒಗ್ಗಿಹೋದವರು ಅವರು. ಕಡೆಗೆ ಅದು ಆದದ್ದು ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1947ರ ಜುಲೈ 26ರಂದು.

ಎರಡೂ ಅಂದೇ ಒಂದಾದವು ಎಂದು ಬರೆಯುವುದು ತಪ್ಪು. ಅಂದು ಬದಲಾದದ್ದು ಯಜಮಾನಿಕೆ ಮಾತ್ರ. ಸ್ಟೇಷನ್ನಿನ ಹಳೇ ಕಾಯ್ದೆಗಳು ತಾತ್ಕಾಲಿಕ ಏರ್ಪಾಡಿನಡಿ ಹಾಗೇ ಮುಂದುವರಿದವು. 1948ರಲ್ಲಿ ಬೇರೆ ಕಾಯ್ದೆ ಮಾಡಿ ಮೈಸೂರಿನ ಕಾನೂನುಗಳನ್ನು ಆ ಪ್ರದೇಶಕ್ಕೆ ವಿಸ್ತರಿಸಿದರು. ಮುನಿಸಿಪಾಲಿಟಿಗಳು ಒಂದಾದದ್ದು ಮೂರನೆಯ ಹಂತದಲ್ಲಿ, 1949ರ ಬೆಂಗಳೂರು ನಗರ ಕಾರ್ಪೊರೇಷನ್ ಕಾಯ್ದೆಯಿಂದ. ಹೊಸ ಕಾರ್ಪೊರೇಷನ್ನಿಗೆ 50 ವಿಭಾಗಗಳಿಂದ 70 ಚುನಾಯಿತ ಸದಸ್ಯರು. ಕೆಲವು ವಿಭಾಗಗಳಿಗೆ ಒಬ್ಬರಿಗಿಂತ ಹೆಚ್ಚು. 1947 ಮತ್ತು 1949ರ ನಡುವಿನ ವ್ಯವಹಾರ ಯಾವುದಾದರೂ ಕೈಗೆ ಬಂದರೆ ತಾರೀಖನ್ನು ಈ ಮೂರು ಹಂತಗಳ ಎದುರು ಇಟ್ಟು ನೋಡಬೇಕು. ಯಾವ ಕಾಯ್ದೆ ಆ ದಿನ ಜಾರಿಯಲ್ಲಿತ್ತು ಅನ್ನುವುದು ಅದರ ಮೇಲೆ ನಿಂತಿರುತ್ತದೆ.

ಹೆಸರುಗಳು ನಿಧಾನಕ್ಕೆ ಬದಲಾದವು. ಸೌತ್ ಪರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆ ಆಯಿತು. ಬ್ಲಾಕ್‌ಪಳ್ಳಿ ಶಿವಾಜಿನಗರ, ಶೂಲೆ ಅಶೋಕನಗರ, ಫ್ರೇಜರ್ ಟೌನ್ ಪುಲಿಕೇಶಿನಗರ, ಸಿಡ್ನಿ ರಸ್ತೆ ಕಸ್ತೂರ್ಬಾ ರಸ್ತೆ, ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆ, ಗ್ರಾಂಟ್ ರಸ್ತೆ ವಿಠಲ ಮಲ್ಯ ರಸ್ತೆ. ದಾಖಲೆ ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಬೇಕು. ಇನ್‌ಫೆಂಟ್ರಿ, ಬ್ರಿಗೇಡ್, ರೆಸಿಡೆನ್ಸಿ ರಸ್ತೆಗಳ ಹೆಸರು ಜನರ ಬಾಯಲ್ಲಿ ಹಾಗೇ ಉಳಿದವು.

ಹಿಂದಕ್ಕೆ ಬಾರದೆ ಉಳಿದದ್ದು ಸೇನೆಯ ನೆಲ. ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್ ಕೇಂದ್ರ, ಅಗರಂ, ಪರೇಡ್ ಮೈದಾನ ಇವು ಕೇಂದ್ರದ ರಕ್ಷಣಾ ಇಲಾಖೆಯ ಕೈಯಲ್ಲೇ ಇವೆ. ಬೆಂಗಳೂರಿನಲ್ಲಿ ಕಂಟೋನ್ಮೆಂಟ್ ಎಂಬ ರೈಲು ನಿಲ್ದಾಣ ಇದೆ, ಕಂಟೋನ್ಮೆಂಟ್ ಬೋರ್ಡ್ ಇಲ್ಲ. ಕರ್ನಾಟಕದಲ್ಲಿ ಅಂಥ ಬೋರ್ಡ್ ಇರುವುದು ಬೆಳಗಾವಿಯಲ್ಲಿ ಮಾತ್ರ. ಆದ್ದರಿಂದ ಹಳೇ ದಂಡಿನಲ್ಲಿ ಮನೆ ಕಟ್ಟುವವರು ನಕ್ಷೆ ಮಂಜೂರಾತಿಗೆ ಹೋಗಬೇಕಾದದ್ದು ಪಾಲಿಕೆಗೇ. ಸೇನೆಯ ಜಾಗಕ್ಕೆ ಅಂಟಿಕೊಂಡ ನಿವೇಶನವಾದರೆ ಮಾತ್ರ ಸ್ಥಳೀಯ ಸೇನಾಧಿಕಾರಿಗಳ ನಿರಾಕ್ಷೇಪಣಾ ಪತ್ರದ ಪ್ರಶ್ನೆ ಏಳುತ್ತದೆ. ರಸ್ತೆ ಅಗಲ ಮಾಡುವುದೋ ಮೇಲ್ಸೇತುವೆಯೋ ಸೇನೆಯ ಕಾಂಪೌಂಡಿನ ಅಂಚಿಗೆ ಬಂದಾಗ ಕೆಲಸ ವರ್ಷಗಟ್ಟಲೆ ನಿಲ್ಲುವುದಕ್ಕೂ ಕಾರಣ 1947ರಲ್ಲಿ ಸಿವಿಲ್ ಭಾಗ ಮಾತ್ರ ಮರಳಿ ಬಂದದ್ದು.

2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಮತ್ತೆ ಒಂದಕ್ಕಿಂತ ಹೆಚ್ಚು ಪಾಲಿಕೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಮಾಡಿದ್ದಾರೆ. ಹೊಸ ಗೆರೆ ಹಳೇ ಗೆರೆಯ ಮೇಲೆ ಬಿದ್ದಿಲ್ಲ. ಶಿವಾಜಿನಗರ ಈಗ ಚಿಕ್ಕಪೇಟೆ, ಚಾಮರಾಜಪೇಟೆಗಳ ಜೊತೆ ಕೇಂದ್ರ ಪಾಲಿಕೆಯಲ್ಲಿದೆ. ಅದರ ಒತ್ತಡ ಇಳಿಸಲೆಂದೇ ಕಟ್ಟಿದ ಪುಲಿಕೇಶಿನಗರ ಉತ್ತರ ಪಾಲಿಕೆಗೆ ಹೋಗಿದೆ. ಸ್ಟೇಷನ್ ಮುನಿಸಿಪಾಲಿಟಿಯ ಹಳೆಯ ಕಂದಾಯ ವಹಿಗಳಲ್ಲಿ ಅಕ್ಕಪಕ್ಕದ ಪುಟಗಳಲ್ಲಿದ್ದ ಬೀದಿಗಳಿಗೆ ಇನ್ನು ಮೇಲೆ ಎರಡು ಬೇರೆ ಕಚೇರಿ. ಆ ವಹಿಗಳು, ನಡಾವಳಿ ಪುಸ್ತಕಗಳು ಹಂಚಿಕೆಯ ಗಲಾಟೆಯಲ್ಲಿ ಚದುರುವ ಮೊದಲು ಎಲ್ಲಿವೆ, ಎಷ್ಟು ಉಳಿದಿವೆ ಎಂಬ ಪಟ್ಟಿ ಮಾಡಿಸಿ, ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ, ರಾಜ್ಯ ಪತ್ರಾಗಾರಕ್ಕೆ ಒಪ್ಪಿಸುವುದು ಈಗ ಆಗಬೇಕಾದ ಕೆಲಸ.